ಊಟ ಮುಗಿಯುವ ತನಕ ಜಾರದ ಲಿವರ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನ ತಗಡಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಅರವತ್ತು ದಾಟಿದ ಒಬ್ಬ ಮನುಷ್ಯ ಮುದಿ ಟ್ರ್ಯಾಕ್ಟರೊಂದರ ಸುತ್ತ ಸುಮ್ಮನೆ ನಡೆಯುತ್ತಿದ್ದಾರೆ. ಕೈಯಲ್ಲಿ ಸ್ಪ್ಯಾನರ್ ಇಲ್ಲ, ಸುತ್ತಿಗೆ ಇಲ್ಲ. ಇರುವುದು ಒಂದು ಲೋಟ ಚಹಾ. ಒಂದು ಸುತ್ತು, ಒಂದು ಗುಟುಕು. ಮತ್ತೊಂದು ಸುತ್ತು, ಮತ್ತೊಂದು ಗುಟುಕು. ನೋಡಿದವರಿಗೆ ಈ ಮನುಷ್ಯ ಗಾಡಿ ರಿಪೇರಿಗೆ ಬಂದವರೋ ಕೊಳ್ಳಲು ಬಂದವರೋ ಎಂಬ ಅನುಮಾನ ಬರಬೇಕು. ಸುತ್ತಲಿನ ಊರುಗಳಲ್ಲಿ ಎಲ್ಲರೂ ಇವರನ್ನು ಕರೆಯುವುದು ನಿಧಾನಣ್ಣ ಎಂದು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಅಳತೆ ತೆಗೆದೇ ಇಟ್ಟಿದ್ದಾರೆ.

ಚಹಾ ಮುಗಿಯುತ್ತದೆ. ಲೋಟವನ್ನು ಕಿಟಕಿಯ ಮೇಲಿಟ್ಟು, ಮೂಲೆಯಲ್ಲಿ ಪೇರಿಸಿಟ್ಟ ದಪ್ಪ ಮರದ ದಿಮ್ಮಿಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಬಂದು ಟ್ರ್ಯಾಕ್ಟರಿನ ಹಿಂಭಾಗದ ಕೆಳಗೆ ಒತ್ತಿಡುತ್ತಾರೆ. ಅಲ್ಲಿ ಎರಡು ಕಬ್ಬಿಣದ ತೋಳುಗಳು ಸಸಿ ನೆಡುವ ಯಂತ್ರವೊಂದನ್ನು ಎತ್ತಿ ಹಿಡಿದು ನಿಂತಿವೆ. ದಿಮ್ಮಿ ಭದ್ರವಾಗಿ ಕೂತಿದೆಯೇ ಎಂದು ಕಾಲಿನಿಂದ ಒದ್ದು ನೋಡಿದ ಮೇಲೆಯೇ ಅವರ ಕೈ ಒಳಕ್ಕೆ ಹೋಗುವುದು. "ಎತ್ತಿ ನಿಲ್ಲಿಸಿದ ಯಾವುದನ್ನೂ ನಂಬಬಾರದು. ಅದು ಬೀಳೋದಕ್ಕೆ ಕಾಯ್ತಾ ಇರುತ್ತೆ" ಎನ್ನುತ್ತಾರೆ. ಇಷ್ಟು ಹೇಳುವುದಕ್ಕೂ ಅವರಿಗೆ ಒಂದು ದಿಮ್ಮಿ ಉರುಳಿಸುವಷ್ಟು ಹೊತ್ತು ಬೇಕಾಗುತ್ತದೆ.

ಟ್ರ್ಯಾಕ್ಟರ್ ಹತ್ತಿ ಗೊತ್ತಿಲ್ಲದವರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. ಓಡಿಸುವವರ ಬಲಗೈ ಪಕ್ಕದಲ್ಲಿ ಒಂದು ಲಿವರ್ ಇರುತ್ತದೆ. ಅದನ್ನು ಮೇಲಕ್ಕೆಳೆದರೆ ಹಿಂದಿನ ತೋಳುಗಳು ನೇಗಿಲನ್ನೋ ಯಂತ್ರವನ್ನೋ ಎತ್ತುತ್ತವೆ, ಕೆಳಕ್ಕೆ ತಳ್ಳಿದರೆ ಇಳಿಸುತ್ತವೆ. ಭಾರ ಹೊರುವುದು ಒಳಗಿನ ಹೈಡ್ರಾಲಿಕ್ ಎಣ್ಣೆ. ಲಿವರ್ ಬರೀ ಅಪ್ಪಣೆ ಕೊಡುತ್ತದೆ, ಕೊಟ್ಟ ಮಾತಿನ ಮೇಲೆ ನಿಲ್ಲುತ್ತದೆ. ಹೊಸ ಗಾಡಿಗಳಲ್ಲಿ ಇದಕ್ಕೆಲ್ಲ ಗುಂಡಿಗಳು ಬಂದಿವೆ. ಹಳೆಯ ಗಾಡಿಯಲ್ಲಿ ಲಿವರನ್ನು ಇಟ್ಟ ಜಾಗದಲ್ಲಿ ಹಿಡಿದಿಡುವುದು ಒಂದು ಬಿಲ್ಲೆ. ಅಂಗೈಗಿಂತ ಚಿಕ್ಕದು, ಒರಟು ಮೈಯದು, ಎರಡು ಕಬ್ಬಿಣದ ತಟ್ಟೆಗಳ ನಡುವೆ ಸ್ಪ್ರಿಂಗಿನ ಒತ್ತಡದಲ್ಲಿ ಕೂತಿರುತ್ತದೆ. ಆ ಬಿಲ್ಲೆಯ ಹಿಡಿತ ತಪ್ಪಿದರೆ ಎಂಜಿನ್ ನಡುಗಿದಂತೆಲ್ಲ ಲಿವರ್ ತಾನಾಗಿಯೇ ಕೆಳಗೆ ಜಾರುತ್ತದೆ, ಅದರ ಮಾತು ಕೇಳಿ ಹಿಂದಿನ ಭಾರವೂ ಇಳಿದುಬಿಡುತ್ತದೆ.

ನಿಧಾನಣ್ಣ ಬದುಕಿನ ಬಹುಪಾಲು ಸವೆಸಿರುವುದು ಈ ಬಿಲ್ಲೆಯ ಹಿಂದೆ. ಹುಡುಗನಾಗಿದ್ದಾಗ ದೊಡ್ಡ ವರ್ಕ್‌ಶಾಪೊಂದರಲ್ಲಿ ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸಕ್ಕೆ ಸೇರಿದವರು. ವರ್ಷಗಟ್ಟಲೆ ತೊಳೆದರು. ಯಾವ ಭಾಗ ಎಲ್ಲಿ ಸವೆಯುತ್ತದೆ, ಯಾವುದು ಯಾವುದನ್ನು ತಿನ್ನುತ್ತದೆ ಎಂಬುದು ಬೆರಳಿಗೆ ತಾನಾಗಿಯೇ ಬಂತು. ಜೊತೆಯವರೆಲ್ಲ ಎಂಜಿನ್ ಕೆಲಸಕ್ಕೆ ಹಾತೊರೆದರು. ಎಂಜಿನ್ ಬಿಚ್ಚಿದವನ ಸುತ್ತ ನಾಲ್ಕು ಜನ ನಿಂತು ನೋಡುತ್ತಾರೆ, ಲಿವರ್ ಸರಿಮಾಡುವವನ ಸುತ್ತ ಯಾರು ನಿಲ್ಲುತ್ತಾರೆ? ಅದಕ್ಕೇ ಆ ಕೆಲಸ ಇವರ ಪಾಲಿಗೆ ಬಂತು. ಒಂದು ದಿನ ಅವಸರದಲ್ಲಿ ಎತ್ತಿದ ನೇಗಿಲಿನ ಕೆಳಗೆ ಕೈಯಿಟ್ಟ ಗೆಳೆಯನೊಬ್ಬನ ಬೆರಳುಗಳು ಇವರ ಕಣ್ಣೆದುರೇ ಹೋದವು. ಅಂದಿನಿಂದ ತಲೆ ಮೇಲೆ ತಲೆ ಬಿದ್ದರೂ ಇವರ ಕೈ ಓಡುವುದಿಲ್ಲ. ಓಡದ ಕೈ ಮಾಲೀಕರಿಗೆ ಬೇಡವಾಯಿತು, ಕೆಲಸದಿಂದ ತೆಗೆದರು. ಮನೆಯ ಹಿಂದೆ ತಗಡು ಹೊದಿಸಿಕೊಂಡು ಕೂತದ್ದು ಆಗ. ಕೆಲವು ವರ್ಷ ಹೆಂಡತಿಯ ಹೊಲಿಗೆ ಯಂತ್ರವೇ ಮನೆ ನಡೆಸಿತು.

ಆ ಹೆಂಡತಿ ಈಗ ಶೆಡ್ಡಿನ ಬಾಗಿಲಲ್ಲಿ ಎರಡನೇ ಲೋಟ ಚಹಾ ಹಿಡಿದು ನಿಂತಿದ್ದಾರೆ. ಊರಿಗೆಲ್ಲ ಅವರು ಅತ್ತಿಗೆ. ಗಂಡ ಆಡದೆ ಉಳಿಸಿದ ಮಾತನ್ನೆಲ್ಲ ಅವರೇ ಆಡಿ ಮುಗಿಸುತ್ತಾರೆ. ಮದುವೆಯ ದಿನ ಮದುಮಗನೇ ಎಲ್ಲರಿಗಿಂತ ಕೊನೆಗೆ ಬಂದದ್ದು, ಕೇಳಿದರೆ ದಾರಿಯಲ್ಲಿ ಯಾರದೋ ಗಾಡಿ ಕೆಟ್ಟಿತ್ತು ಎಂದದ್ದು, ಇವೆಲ್ಲ ಹೊಸಬರಿಗೆ ಮೊದಲ ಭೇಟಿಯಲ್ಲೇ ಸಿಗುವ ಸಮಾಚಾರ. "ನಿಧಾನವೇ ಪ್ರಧಾನ ಅಂತಾರಲ್ಲ, ಆ ಗಾದೆ ಮಾಡಿದವರು ಇವರ ಜೊತೆ ಸಂಸಾರ ಮಾಡಿಲ್ಲ" ಎಂದು ನಗುತ್ತಾರೆ.

ಇಂದಿನ ಟ್ರ್ಯಾಕ್ಟರಿನ ಒಡತಿಯರು ಬೆಳಕಾಗುವ ಹೊತ್ತಿಗೆ ಬರುತ್ತಾರೆ. ಅಕ್ಕ, ತಂಗಿ. ಅಕ್ಕ ಟ್ರ್ಯಾಕ್ಟರ್ ಓಡಿಸುತ್ತಾಳೆ; ತಂಗಿ ಹಿಂದಿನ ಯಂತ್ರದ ತಗ್ಗು ಸೀಟಿನಲ್ಲಿ ಕೂತು, ತಟ್ಟೆಯಿಂದ ತರಕಾರಿ ಸಸಿಗಳನ್ನು ಎತ್ತಿ ಎತ್ತಿ ತಿರುಗುವ ಬಟ್ಟಲುಗಳಿಗೆ ಹಾಕುತ್ತಾಳೆ. ಸಾಲಿನ ಕೊನೆ ಬಂದಾಗ ಅಕ್ಕ ಲಿವರ್ ಎಳೆದು ಯಂತ್ರವನ್ನು ತಂಗಿಯ ಸಮೇತ ಎತ್ತಿ, ಗಾಡಿ ತಿರುಗಿಸಿ, ಹೊಸ ಸಾಲಿಗೆ ಇಳಿಸುತ್ತಾಳೆ. ಸುತ್ತಲಿನ ತೋಟದವರಿಗೆಲ್ಲ ಸಸಿ ನೆಟ್ಟುಕೊಡುವುದೇ ಇಬ್ಬರ ಕಸುಬು. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು ಈಗ ಶೆಡ್ಡಿನ ಬೆಂಚಿನ ಈ ತುದಿಗೊಬ್ಬಳು ಆ ತುದಿಗೊಬ್ಬಳು ಕೂತಿದ್ದಾರೆ. ತಂಗಿಯ ಬಲಗಾಲ ಪಾದ ಇನ್ನೂ ಸ್ವಲ್ಪ ಊದಿದೆ.

ಆದದ್ದು ಇಷ್ಟು. ಕೆಲವು ವಾರಗಳ ಹಿಂದೆ, ಗಾಡಿ ತಿರುಗುತ್ತಿದ್ದಾಗ, ಎತ್ತಿದ್ದ ಯಂತ್ರ ತಂಗಿಯ ಸಮೇತ ಕೆಳಗೆ ಕೂತುಬಿಟ್ಟಿತು. ಪಾದ ಇಡುವ ಹಲಗೆಯಿಂದ ಜಾರಿದ್ದ ಅವಳ ಕಾಲು ನೆಲಕ್ಕೂ ಹಲಗೆಗೂ ನಡುವೆ ಸಿಕ್ಕಿತು. ಮಣ್ಣು ಮೆತ್ತಗಿದ್ದುದರಿಂದ ಮೂಳೆ ಉಳಿಯಿತು. ಅಕ್ಕನ ಮೊಣಕೈ ತಗುಲಿ ಲಿವರ್ ಇಳಿದಿದೆ ಎಂದು ತಂಗಿ ಹೇಳುತ್ತಾಳೆ. ತಾನು ಮುಟ್ಟೇ ಇಲ್ಲ ಎಂದು ಅಕ್ಕ. ಮೊದಮೊದಲು ಜಗಳವಾಡಿದರು, ಆಮೇಲೆ ಅದೂ ನಿಂತಿತು. ಕಾಲಿನ ನೋವು ಇಳಿದರೂ ತಂಗಿ ಆ ಸೀಟಿನಲ್ಲಿ ಕೂರಲು ಒಪ್ಪುತ್ತಿಲ್ಲ. ಅತ್ತ ಸಸಿಗಳು ತಟ್ಟೆಯಲ್ಲೇ ಉದ್ದವಾಗುತ್ತಿವೆ. ಬಲಿತ ಸಸಿ ನೆಟ್ಟರೂ ಬೇರು ಹಿಡಿಯುವುದಿಲ್ಲ. ಈ ವಾರ ನೆಡದಿದ್ದರೆ ತೋಟದವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ, ಹೋದವರು ಮತ್ತೆ ಬರುತ್ತಾರೆಂಬ ನೆಚ್ಚಿಕೆಯಿಲ್ಲ. ಸೀಟಿನಲ್ಲಿ ಬೇರೆ ಯಾರನ್ನಾದರೂ ಕೂರಿಸಬಹುದಿತ್ತಲ್ಲ ಎಂದು ಅತ್ತಿಗೆ ಕೇಳುತ್ತಾರೆ.

"ನನ್ನ ತಂಗಿ ಕೂರೋಕೆ ಹೆದರೋ ಜಾಗದಲ್ಲಿ ಇನ್ನೊಬ್ಬರ ಮನೆ ಮಗಳನ್ನ ಹೇಗೆ ಕೂರಿಸಲಿ ಅತ್ತಿಗೆ?" ಎನ್ನುತ್ತಾಳೆ ಅಕ್ಕ. ತಂಗಿ ಗೋಡೆ ನೋಡುತ್ತಾಳೆ.

ಲಿವರಿಗೆ ಟೈರ್ ಟ್ಯೂಬಿನ ಪಟ್ಟಿಯೊಂದನ್ನು ಬಿಗಿದು ಕಟ್ಟಿದ್ದಾರೆ, ಅದು ಅಕ್ಕನ ಪ್ರಯತ್ನ. ನಿಧಾನಣ್ಣ ಅದನ್ನು ಕತ್ತರಿಸುವುದಿಲ್ಲ, ಗಂಟು ಬಿಚ್ಚಿ ಮಡಿಸಿ ಅಕ್ಕನ ಕೈಗೆ ಕೊಡುತ್ತಾರೆ. ಜಾರುವ ಲಿವರಿಗೆ ಜನ ಏನೇನೋ ಮಾಡುತ್ತಾರೆ: ಹಗ್ಗ ಕಟ್ಟುತ್ತಾರೆ, ಕಲ್ಲು ಸಿಗಿಸುತ್ತಾರೆ, ಬಹಳ ಮಂದಿ ಮೆಕ್ಯಾನಿಕ್‌ಗಳು ಹೊರಗಿನ ನಟ್ಟನ್ನು ಇನ್ನೊಂದು ಸುತ್ತು ಬಿಗಿದು ಕಳಿಸುತ್ತಾರೆ. ಒಂದು ವಾರ ನಿಲ್ಲುತ್ತದೆ, ಆಮೇಲೆ ನಟ್ಟೂ ಹೋಯಿತು ಲಿವರೂ ಹೋಯಿತು. ನಿಧಾನಣ್ಣ ಬಿಚ್ಚದೆ ಬಿಗಿಯುವುದಿಲ್ಲ. ಯಾಕೆ ಜಾರಿತು ಎಂದು ತಿಳಿಯದೆ ಮುಚ್ಚುವುದು ಅವರ ಜಾಯಮಾನದಲ್ಲೇ ಇಲ್ಲ.

ನಟ್ಟು ಬರುತ್ತದೆ. ಸ್ಪ್ರಿಂಗ್ ಬರುತ್ತದೆ. ತಟ್ಟೆ ಬರುತ್ತದೆ. ಒಂದೊಂದನ್ನೂ ಬಟ್ಟೆಯ ಮೇಲೆ ಬಂದ ಸಾಲಿನಲ್ಲೇ ಜೋಡಿಸಿಡುತ್ತಾರೆ. ಕೊನೆಗೆ ಬಿಲ್ಲೆ ಹೊರಬಂದಾಗ ಅವರ ಕೈ ನಿಲ್ಲುತ್ತದೆ. ಬಿಲ್ಲೆ ಸವೆದಿಲ್ಲ. ಒಡೆದಿಲ್ಲ. ಒಣಗಿ ಮಂಕಾಗಿ ಇರಬೇಕಾದ ಅದರ ಮೈ ಕನ್ನಡಿಯಂತೆ ಹೊಳೆಯುತ್ತಿದೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು, ಬೆರಳಿಂದ ಉಜ್ಜಿ, ಆ ಬೆರಳನ್ನೇ ನೋಡುತ್ತಾ ನಿಲ್ಲುತ್ತಾರೆ. ಎಣ್ಣೆ. ಒಳಗಿಂದ ಸೋರಿದ ಹೈಡ್ರಾಲಿಕ್ ಎಣ್ಣೆಯಲ್ಲ. ಹೊಲಿಗೆ ಯಂತ್ರಕ್ಕೆ, ಬಾಗಿಲ ಕೀಲಿಗೆ ಬಿಡುವ ತೆಳು ಎಣ್ಣೆ. ಯಾರೋ ಪ್ರೀತಿಯಿಂದ, ಎಚ್ಚರಿಕೆಯಿಂದ, ಒಂದು ಹನಿಯೂ ಹೊರಗೆ ಚೆಲ್ಲದಂತೆ ಬಿಟ್ಟಿದ್ದಾರೆ.

ಬೆಳಿಗ್ಗೆ ಗಾಡಿಯ ಸುತ್ತ ನಡೆದಾಗಲೇ ಅವರ ಕಣ್ಣಿಗೆ ಒಂದು ಸಂಗತಿ ಬಿದ್ದಿತ್ತು. ಇಷ್ಟು ಹಳೆಯ ಗಾಡಿಯ ಒಂದೊಂದು ಕೀಲೂ ಒರೆಸಿ ಎಣ್ಣೆ ಬಿಟ್ಟು ಮಿರಮಿರ ಮಿಂಚುತ್ತಿತ್ತು. ಮನೆಯ ಮಗುವಿನಂತೆ ಸಾಕಿದ್ದಾರೆ. ಈಗ ಯಾರು ಸಾಕಿದವರು ಎಂದು ಮಾತಿನ ನಡುವೆ ಕೇಳುತ್ತಾರೆ. ಅದೆಲ್ಲ ತಂಗಿಯ ಕೆಲಸ ಎನ್ನುತ್ತಾಳೆ ಅಕ್ಕ, ಮುನಿಸಿನಲ್ಲೂ ಹೆಮ್ಮೆ ಬಿಡದೆ. ಶನಿವಾರ ಬಂತೆಂದರೆ ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಗಾಡಿಯ ಕೆಳಗೆ ಮೇಲೆ ಎಲ್ಲ ಹೊಕ್ಕು ಬರುತ್ತಾಳಂತೆ. ನಿಧಾನಣ್ಣ ತಲೆಯಾಡಿಸಿ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತುತ್ತಾರೆ. ಅವರ ಮುಖ ನೋಡಿದರೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವರಂತಿದೆ. ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ.

ಅಕ್ಕನ ಮೊಣಕೈ ತಗುಲಿಲ್ಲ. ತನ್ನ ಕಾಲಿನ ಮೇಲೆ ಯಂತ್ರ ಬೀಳಿಸಿದ್ದು ತಂಗಿಯದೇ ಎಣ್ಣೆ. ಒಬ್ಬಳ ತಲೆಯ ಭಾರ ಇಳಿಸಿದರೆ ಅದು ನೇರ ಇನ್ನೊಬ್ಬಳ ತಲೆಗೆ ಹೋಗುತ್ತದೆ. ಶೆಡ್ಡಿನ ಹಿಂದೆ, ತೊಳೆಯುವ ತೊಟ್ಟಿಯ ಬಳಿ, ಗಂಡ ಹೆಂಡತಿ ತಗ್ಗಿದ ದನಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಬಿಲ್ಲೆ ಸವೆದಿತ್ತು ಎಂದುಬಿಡಿ, ಇಬ್ಬರೂ ಉಳಿಯುತ್ತಾರೆ ಎನ್ನುವುದು ಅತ್ತಿಗೆಯ ವಾದ. ಒಳ್ಳೆಯ ವಾದವೇ. ನಿಧಾನಣ್ಣ ಬಹಳ ಹೊತ್ತು ಕೈ ತೊಳೆಯುತ್ತಾರೆ.

"ಶನಿವಾರ ಮತ್ತೆ ಬರುತ್ತೆ, ಇವಳೇ" ಎನ್ನುತ್ತಾರೆ ಕೊನೆಗೆ. "ಆ ಮಗು ಮತ್ತೆ ಡಬ್ಬಿ ಎತ್ಕೊಳುತ್ತೆ."

ಅತ್ತಿಗೆ ಕೈ ಒರೆಸಿಕೊಳ್ಳಲು ಅವರಿಗೆ ಒಂದು ಬಟ್ಟೆ ಕೊಡುತ್ತಾರೆ.

ಆಮೇಲೆ ನಡೆದದ್ದನ್ನು ನೋಡಲು ಎರಡು ಕಣ್ಣು ಸಾಲದು. ನಿಧಾನಣ್ಣ ಮೂಲೆಯಿಂದ ಹಳೆಯ ಲಾರಿಯ ಕ್ಲಚ್ ಪ್ಲೇಟೊಂದನ್ನು ತಂದು, ಅದರ ಒರಟು ಪದರದಿಂದ ಹೊಸ ಬಿಲ್ಲೆ ಕತ್ತರಿಸಲು ಕೂರುತ್ತಾರೆ. ಎಣ್ಣೆ ಕುಡಿದ ಬಿಲ್ಲೆ ತೊಳೆದರೂ ಮತ್ತೆ ಹಿಡಿಯುವುದಿಲ್ಲ, ಈ ಗಾಡಿಯ ಬಿಲ್ಲೆ ಅಂಗಡಿಯಲ್ಲಿ ಸಿಗುವುದು ಯಾವತ್ತೋ ನಿಂತುಹೋಗಿದೆ. ಸಣ್ಣ ಗರಗಸದಿಂದ ಗುಂಡಗೆ ಕೊಯ್ದು, ಸಮತಟ್ಟಾದ ಕಲ್ಲಿನ ಮೇಲಿಟ್ಟು ಉಜ್ಜತೊಡಗುತ್ತಾರೆ. ಉಜ್ಜುತ್ತಾರೆ, ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರುತ್ತಾರೆ, ಮತ್ತೆ ಉಜ್ಜುತ್ತಾರೆ. ಅಳೆಯುವ ಸಾಧನ ಮುಟ್ಟಿದ್ದೇ ಕಾಣೆವು. ಕಾಗದದಷ್ಟು ದಪ್ಪ ಹೆಚ್ಚಿದ್ದ ಒಂದು ಅಂಚನ್ನು ಬೆರಳೇ ಹುಡುಕಿ ಕಲ್ಲಿಗೆ ಒಪ್ಪಿಸುತ್ತದೆ. ಮೈ ಜುಮ್ಮೆನ್ನುತ್ತದೆ. ಇಷ್ಟು ವರ್ಷ ಇಂಥ ಕೈಯೊಂದು ಒಂದು ತಗಡಿನ ಶೆಡ್ಡಿನಲ್ಲಿ ಇದ್ದುಕೊಂಡಿತ್ತು, ಅದರ ಮುಂದಿನ ರಸ್ತೆಯಲ್ಲೇ ನಾವು ನೀವು ಓಡಾಡಿಕೊಂಡಿದ್ದೆವು.

ಹೊಸ ಬಿಲ್ಲೆ ಆದ ಮೇಲೆ ತಂಗಿಯನ್ನು ಹತ್ತಿರ ಕರೆಯುತ್ತಾರೆ. ಹೊಸ ಬಿಲ್ಲೆಯನ್ನು ಕಬ್ಬಿಣದ ತಟ್ಟೆಯ ಮೇಲಿಟ್ಟು, ಹೆಬ್ಬೆರಳಲ್ಲಿ ಒತ್ತಿ ತಿರುಗಿಸು ಎಂದು ಸನ್ನೆ ಮಾಡುತ್ತಾರೆ. ಅವಳು ಒತ್ತುತ್ತಾಳೆ. ಬಿಲ್ಲೆ ಕದಲುವುದಿಲ್ಲ. ಆಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಹಳೆಯ ಬಿಲ್ಲೆಯನ್ನು ಇಡುತ್ತಾರೆ. ಅದು ಅವಳ ಬೆರಳ ಕೆಳಗೆ ಸರ್ರನೆ ತಿರುಗುತ್ತದೆ. ಇನ್ನೊಮ್ಮೆ ಒತ್ತುತ್ತಾಳೆ, ಮತ್ತೆ ತಿರುಗುತ್ತದೆ. ಹೆಬ್ಬೆರಳನ್ನು ಎತ್ತಿ ನೋಡಿಕೊಂಡು, ತೋರುಬೆರಳಿಗೆ ಉಜ್ಜಿ, ಮೂಸುತ್ತಾಳೆ. ಆ ವಾಸನೆ ಅವಳಿಗೆ ಗೊತ್ತು. ಪ್ರತಿ ಶನಿವಾರದ ವಾಸನೆ ಅದು.

"ಇದಕ್ಕೆ ಎಣ್ಣೆ ಹಾಕಬಾರದಾ?" ಎಂದು ಕೇಳುತ್ತಾಳೆ, ಬಹಳ ಸಣ್ಣ ದನಿಯಲ್ಲಿ.

"ಇಡೀ ಗಾಡಿಗೆ ಹಾಕಮ್ಮ. ನೀನು ಸಾಕಿದ್ದಕ್ಕೇ ಅದು ಇಷ್ಟು ವರ್ಷ ಬದುಕಿರೋದು" ಎನ್ನುತ್ತಾರೆ ನಿಧಾನಣ್ಣ. "ಇದೊಂದು ಮಾತ್ರ ಒಣಗಿರಬೇಕು. ಕೈಯಿಂದ ಕೈ ಹಿಡಿಯೋವಾಗ ಎಣ್ಣೆ ಹಚ್ಕೋತೀವಾ, ಹಾಗೆ."

ತಂಗಿ ಬೆಂಚಿನ ಕಡೆ ತಿರುಗುತ್ತಾಳೆ, ಕಣ್ಣುಗಳು ತುಂಬಿ ಬಂದಿವೆ. "ಅಕ್ಕಾ, ನಿನ್ನ ಮೊಣಕೈ ಅಲ್ಲ. ನಾನು. ಲಿವರ್ ಬಿಗಿ ಇದೆ, ಎಳೆದು ಎಳೆದು ಮಣಿಕಟ್ಟು ನೋಯುತ್ತೆ ಅಂತ ನೀನು ಅಂತಿದ್ದೆಯಲ್ಲ. ಹಗುರ ಆಗಲಿ ಅಂತ ಬಿಟ್ಟೆ."

ಅಕ್ಕ ಎದ್ದು ಬರುತ್ತಾಳೆ. ಬೈಯುತ್ತಾಳೇನೋ ಎಂದು ಅತ್ತಿಗೆ ಒಂದು ಹೆಜ್ಜೆ ಮುಂದಿಡುತ್ತಾರೆ. ಅಕ್ಕ ತಂಗಿಯ ಎಣ್ಣೆ ಬೆರಳನ್ನು ತನ್ನ ಸೆರಗಿನಿಂದ ಒರೆಸುತ್ತಾಳೆ. "ಆವತ್ತು ಹಗುರವಾಗಿತ್ತು ಕಣೇ. ಬೆಣ್ಣೆ ಹಾಗೆ ಹೋಗ್ತಿತ್ತು. ನನಗೆ ಖುಷಿಯಾಯ್ತು, ಯಾಕೆ ಹೀಗಾಯ್ತು ಅಂತ ಕೇಳೋ ಬುದ್ಧಿ ಬರಲಿಲ್ಲ" ಎನ್ನುತ್ತಾಳೆ. ವಾರಗಳ ನಂತರ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಆಗ. ನಿಧಾನಣ್ಣ ಅಷ್ಟರಲ್ಲಿ ತಟ್ಟೆಗಳನ್ನು ಪೆಟ್ರೋಲಿನಲ್ಲಿ ತೊಳೆಯಲು ಹೋಗಿಯಾಗಿದೆ.

ಮತ್ತೆ ಜೋಡಿಸುವುದು ಬಿಚ್ಚಿದ್ದಕ್ಕಿಂತ ನಿಧಾನ. ನಟ್ಟನ್ನು ಚೂರು ಬಿಗಿದು, ಲಿವರನ್ನು ಎರಡೇ ಬೆರಳಲ್ಲಿ ಆಡಿಸುತ್ತಾರೆ. ಮತ್ತೆ ಚೂರು, ಮತ್ತೆ ಎರಡು ಬೆರಳು. ಅಕ್ಕನ ಮಣಿಕಟ್ಟಿಗೂ ನೋವಾಗಬಾರದು, ಎಂಜಿನ್ನಿನ ನಡುಕಕ್ಕೂ ಬಗ್ಗಬಾರದು. ಆಕೆಯನ್ನೇ ಸೀಟಿನ ಮೇಲೆ ಕೂರಿಸಿ ಎಳೆಸುತ್ತಾರೆ, ಮುಖ ಕಿವುಚಿದರೆ ಒಂದು ಕೂದಲೆಳೆ ಸಡಿಲಿಸುತ್ತಾರೆ. ಆಕೆ ಇನ್ನು ಸಾಕು ಎಂದ ಮೇಲೂ ಅವರಿಗೆ ಸಾಕಾಗುವುದಿಲ್ಲ.

ಇಷ್ಟಾದ ಮೇಲೆ ಇರುವುದು ಊಟದ ಪರೀಕ್ಷೆ. ಇದು ನಿಧಾನಣ್ಣನೇ ಮಾಡಿಕೊಂಡ ಪದ್ಧತಿ, ಇದು ಮುಗಿಯದೆ ಯಾವ ಗಾಡಿಯೂ ಈ ಶೆಡ್ಡಿನಿಂದ ಹೊರಡುವುದಿಲ್ಲ. ಹಿಂದಿನ ಯಂತ್ರದ ಸೀಟಿಗೆ ಮರಳಿನ ಚೀಲ ಹೇರುತ್ತಾರೆ. ಎಷ್ಟು ಮರಳು ಎಂಬ ಪ್ರಶ್ನೆ ಬಂದಾಗ, ತಂಗಿ ತನ್ನ ತೂಕ ಹೇಳಲು ನಾಚುತ್ತಾಳೆ, ಅಕ್ಕ ಹೇಳಿಬಿಡುತ್ತಾಳೆ, ತಂಗಿ ಅದು ಹೋದ ವರ್ಷದ ಲೆಕ್ಕ ಎಂದು ತಕರಾರು ತೆಗೆಯುತ್ತಾಳೆ. ಕೊನೆಗೆ ಅತ್ತಿಗೆ ಎರಡೂ ಕಡೆಗೆ ನ್ಯಾಯವಾಗಲಿ ಎಂದು ಒಂದು ಬೊಗಸೆ ಹೆಚ್ಚಿಗೆ ಸುರಿಯುತ್ತಾರೆ. ದಿಮ್ಮಿಗಳನ್ನು ಸರಿಸಿ, ಎಂಜಿನ್ ಶುರು ಮಾಡಿ, ಯಂತ್ರವನ್ನು ಎತ್ತಿ, ಲಿವರ್ ನಿಂತ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಯಾರೂ ಅದರ ಬಳಿ ಸುಳಿಯಬಾರದೆಂದು ಹಗ್ಗ ಕಟ್ಟುತ್ತಾರೆ. ಆಮೇಲೆ ಎಲ್ಲರೂ ಊಟಕ್ಕೆ ಕೂರುತ್ತಾರೆ, ಎಂಜಿನ್ ಧಡಧಡ ನಡುಗುತ್ತಲೇ ಇರುತ್ತದೆ.

ಈ ಊಟದಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಅತ್ತಿಗೆ ಇನ್ನೊಂದು ಚೂರು ಬಡಿಸಲೇ ಎಂದು ಕೂಗಿ ಕೇಳಬೇಕು, ಬೇಡ ಎಂದರೆ ಅದು ಕೇಳಿಸಲಿಲ್ಲವೆಂದು ಬಡಿಸಿಬಿಡುತ್ತಾರೆ. ನಿಧಾನಣ್ಣ ಊಟದಲ್ಲೂ ನಿಧಾನ. ಈ ಪರೀಕ್ಷೆ ಪಾಸಾಗುವುದು ಸುಲಭವಲ್ಲ. ತಂಗಿಯ ಕಣ್ಣು ತಟ್ಟೆಯ ಮೇಲಿಲ್ಲ, ಆ ಬಿಳಿಯ ಗೆರೆಯ ಮೇಲಿದೆ. ಎಲ್ಲರೂ ಕೈ ತೊಳೆದ ಮೇಲೆ ಅವಳೇ ಮೊದಲು ಹೋಗಿ ಬಗ್ಗಿ ನೋಡುತ್ತಾಳೆ. ಲಿವರ್ ಗೆರೆಯ ಮೇಲೇ ಇದೆ. ಮರಳಿನ ಚೀಲ ಎತ್ತಿದ ಎತ್ತರದಲ್ಲೇ ಕೂತಿದೆ.

ಸಂಜೆಗೆ ಮುಂಚೆ ಎಲ್ಲರೂ ತೋಟದಲ್ಲಿದ್ದಾರೆ. ನಿಧಾನಣ್ಣ ತಂಗಿಗೆ ಎರಡೇ ಮಾತು ಹೇಳುತ್ತಾರೆ: ಪಾದ ಯಾವಾಗಲೂ ಹಲಗೆಯ ಮೇಲಿರಲಿ, ಹೆದರಿಕೆಯಾದರೆ ಎತ್ತುವ ಮೊದಲು ಇಳಿದು ನಡೆ, ಅದರಲ್ಲಿ ಅವಮಾನವಿಲ್ಲ. ಅಷ್ಟು ಹೇಳಿ, ಸಸಿಯ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ನೆಡುವ ಸಾಲುಗಳಿಗೆ ಬೆನ್ನು ಮಾಡಿ ಕೂರುತ್ತಾರೆ. ಸರಿಮಾಡಿದ ಗಾಡಿಯನ್ನು ಅವರು ನಿಂತು ನೋಡುವುದಿಲ್ಲ. ಮೆಕ್ಯಾನಿಕ್ ನೋಡುತ್ತಿದ್ದರೆ ಓಡಿಸುವವರಿಗೆ ಅನುಮಾನ ಹುಟ್ಟುತ್ತದೆ ಎಂಬುದು ಅವರ ನಂಬಿಕೆ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸತೊಡಗುತ್ತಾರೆ. ಅತ್ತಿಗೆಗೆ ಅಂಥ ನಿಯಮವೇನಿಲ್ಲ, ಅವರು ಸಾಲುಗಳ ಕಡೆಗೇ ಮುಖ ಮಾಡಿ ನಿಂತು ಒಂದೊಂದನ್ನೂ ವರದಿ ಮಾಡುತ್ತಾರೆ.

ಮೊದಲ ಸಾಲು ಮುಗಿಯುತ್ತದೆ. ಎಂಜಿನ್ ಸದ್ದು ತಗ್ಗಿ ಗಾಡಿ ನಿಲ್ಲುತ್ತದೆ, ತಂಗಿ ಇಳಿದಳು. ಯಂತ್ರ ಏಳುತ್ತದೆ, ತಿರುಗುತ್ತದೆ, ಇಳಿಯುತ್ತದೆ. ಮತ್ತೆ ಗಾಡಿ ನಿಲ್ಲುತ್ತದೆ, ತಂಗಿ ಹತ್ತಿದಳು. ಎರಡನೇ ಸಾಲಿಗೂ ಹಾಗೇ. ಮೂರನೆಯದಕ್ಕೆ ಅತ್ತಿಗೆಯ ದನಿ ಬದಲಾಗುತ್ತದೆ. ತಿರುಗುವಾಗ ಅಕ್ಕ ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು ಬಲಗೈಯನ್ನು ತಲೆಯ ಮೇಲಕ್ಕೆತ್ತಿದ್ದಾಳಂತೆ. ಅದ್ಯಾಕೆ ಎಂದು ನಿಧಾನಣ್ಣ ತಿರುಗದೆಯೇ ಕೇಳುತ್ತಾರೆ.

"ಲಿವರ್ ಮುಟ್ಟಿಲ್ಲ, ನೋಡು, ಅದಾಗೇ ನಿಂತಿದೆ ಅಂತ ತಂಗಿಗೆ ತೋರಿಸ್ತಾ ಇದ್ದಾಳೆ ಕಣ್ರೀ" ಎನ್ನುತ್ತಾರೆ ಅತ್ತಿಗೆ.

ಸ್ಪ್ಯಾನರುಗಳು ಒರೆಸಿ ಆಗುತ್ತವೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಮತ್ತೊಂದು ಸಾಲು ಕೊನೆಗೆ ಬರುತ್ತದೆ. ಎಂಜಿನ್ ಸದ್ದು ತಗ್ಗುತ್ತದೆ, ಆದರೆ ಈ ಸಲ ಗಾಡಿ ನಿಲ್ಲುವುದಿಲ್ಲ. ಸದ್ದು ಹಾಗೇ ಏರುತ್ತದೆ, ಗಾಡಿ ಹಾಗೇ ತಿರುಗುತ್ತದೆ, ಹಾಗೇ ಹೊಸ ಸಾಲಿಗೆ ಇಳಿದು ಮುಂದೆ ಹೋಗುತ್ತದೆ. ಅತ್ತಿಗೆ ಏನೂ ವರದಿ ಮಾಡುವುದಿಲ್ಲ. ಮಾಡಬೇಕಾಗಿಯೂ ಇಲ್ಲ. ನಿಧಾನಣ್ಣನ ಕೈಯಲ್ಲಿನ ಬಟ್ಟೆ ನಿಂತಿದೆ, ಅವರ ಮುಖ ಪೂರ್ತಿ ಬೆಳಗಿದೆ.

ಇಷ್ಟು ವರ್ಷದ ಕೆಲಸಕ್ಕೆ ನಿಮಗೇನು ಆಸೆ ಎಂದು ಬೆಳಿಗ್ಗೆ ನಾವು ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿರಲಿಲ್ಲ. ಈಗ, ಸ್ಪ್ಯಾನರುಗಳನ್ನು ಚೀಲಕ್ಕೆ ಹಾಕುತ್ತಾ, ದಿನವಿಡೀ ಯೋಚಿಸಿದವರಂತೆ ಹೇಳುತ್ತಾರೆ.

"ಲಿವರ್ ಜಾರಿದಾಗ ತಾನೇ ಜನಕ್ಕೆ ನಾನು ನೆನಪಾಗೋದು. ಇನ್ನು ಮೇಲೆ ಈ ಇಬ್ಬರು ಹೆಣ್ಣುಮಕ್ಕಳಿಗೆ ನಾನು ನೆನಪೇ ಆಗಬಾರದು. ಅಷ್ಟೇ ನನ್ನ ಆಸೆ."